ದಂಡಿನ ಮನೆಯೂ ಬ್ರಿಟಿಷರ ಹೆಸರೂ

ಪ್ರಶ್ನೆ: ನಮ್ಮ ಅಜ್ಜ (ತಂದೆಯ ತಂದೆ) ಬೆಂಗಳೂರಿನ ಬೋರಿಂಗ್ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. 1934ರಲ್ಲಿ ಈಗಿನ ಶಿವಾಜಿನಗರದಲ್ಲಿ ಒಂದು ಸಣ್ಣ ಹೆಂಚಿನ ಮನೆ ಕೊಂಡರು. ಇಂಗ್ಲಿಷಿನಲ್ಲಿರುವ ಆ ಕ್ರಯಪತ್ರದಲ್ಲಿ ‘ವೆಸ್ಟ್ ಜನರಲ್ ಬಜಾರ್, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬೆಂಗಳೂರು’ ಎಂದಿದೆ. ಅಜ್ಜ 1961ರಲ್ಲಿ ತೀರಿಕೊಂಡ ಮೇಲೆ ಖಾತೆ ಅವರ ಒಬ್ಬನೇ ಮಗನಾದ ನಮ್ಮ ತಂದೆಯ ಹೆಸರಿಗೆ ಆಯಿತು. ಆ ಹೊತ್ತಿಗೆ ಇಬ್ಬರು ಸೋದರತ್ತೆಯರಿಗೂ ಮದುವೆಯಾಗಿತ್ತು. ತಂದೆಯ ನಂತರ ಈಗ ನಾನು ಮತ್ತು ನನ್ನ ತಮ್ಮ ಮನೆ ಮಾರಲು ಹೊರಟಿದ್ದೇವೆ. ಕೊಳ್ಳುವವರ ಪರವಾಗಿ ಬಂದವರು, ‘ಇದು ಬ್ರಿಟಿಷರ ಜಾಗ, 99 ವರ್ಷದ ಲೀಸ್ ಇರಬೇಕು, 2033ಕ್ಕೆ ಮುಗಿಯುತ್ತದೆ’ ಎಂದರು. ದಲ್ಲಾಳಿಯೊಬ್ಬರು, ‘ದಂಡಿನ ಜಾಗವೆಲ್ಲ ಮಿಲಿಟರಿಯದು, ಸಿಕ್ಕಷ್ಟಕ್ಕೆ ಕೊಟ್ಟುಬಿಡಿ’ ಎನ್ನುತ್ತಿದ್ದಾರೆ. ತಮ್ಮನಿಗೆ ಯಾರೋ ‘1947ರಲ್ಲೇ ಎಲ್ಲ ಸರ್ಕಾರದ್ದಾಗಿದೆ’ ಎಂದಿದ್ದಾರೆ. ಆ ಕಾಲದ ದಂಡಿನ ಮುನಿಸಿಪಾಲಿಟಿಯೇ ಈಗ ಇಲ್ಲ. ಹಾಗಾದರೆ ನಮ್ಮ ಪತ್ರಕ್ಕೆ ಬೆಲೆಯಿದೆಯೇ? ಯಾರನ್ನು ಕೇಳಬೇಕು?
– ಓದುಗರು, ದಾವಣಗೆರೆ

ಉತ್ತರ: ನೀವು ಕಳಿಸಿದ ಕ್ರಯಪತ್ರದ ಪ್ರತಿಯನ್ನು ಎರಡು ಸಲ ಓದಿದೆ. ಮೂವತ್ತು ವರ್ಷಗಳಿಂದ ಹಳೆಯ ಪತ್ರಗಳನ್ನು ಓದಿ ವಕೀಲರಿಗೆ ಟಿಪ್ಪಣಿ ಬರೆದುಕೊಡುವುದೇ ನನ್ನ ಕೆಲಸ. ನಾನು ವಕೀಲನಲ್ಲ, ಕೊನೆಯ ಮಾತನ್ನು ನಿಮ್ಮ ವಕೀಲರೇ ಹೇಳಬೇಕು. ಆದರೂ ಮೊದಲೇ ಒಂದು ಮಾತು: ಈ ಉತ್ತರವನ್ನು ಪೂರ್ತಿ ಓದುವ ತನಕ ಆ ದಲ್ಲಾಳಿಗೆ ಫೋನ್ ಮಾಡಬೇಡಿ.

‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರು ಕಂಡರೆ ಈಗಿನವರು ಬೆಚ್ಚುತ್ತಾರೆ. ಕಿರಿಯ ವಕೀಲರಲ್ಲಿ ಹಲವರಿಗೆ ಇದು ರೈಲು ನಿಲ್ದಾಣವೋ ಪೊಲೀಸ್ ಠಾಣೆಯೋ ಎಂಬ ಅನುಮಾನವೂ ಬರುತ್ತದೆ. ಅದು ಒಂದು ಊರಿನ ಹೆಸರು. ಬೆಂಗಳೂರಿನ ಒಳಗೇ ಇದ್ದ, ಬೆಂಗಳೂರಿಗೆ ಸೇರದ ಊರು. ಇಂಗ್ಲಿಷಿನಲ್ಲಿ ‘ಕಂಟೋನ್ಮೆಂಟ್’ ಎಂದದ್ದನ್ನು ಕನ್ನಡದವರು ‘ದಂಡು’ ಎಂದರು. ಹಳೆಯ ಊರು ‘ಪೇಟೆ’ಯಾಯಿತು. ಅಜ್ಜಿಯರು ‘ದಂಡಿಗೆ ಹೋಗಿ ಬರುತ್ತೇನೆ’ ಎಂದು ಹೊರಟರೆ ಬೇರೆ ಊರಿಗೆ ಹೊರಟ ಧ್ವನಿಯಲ್ಲೇ ಹೇಳುತ್ತಿದ್ದರು. ಆಡಳಿತದ ಲೆಕ್ಕದಲ್ಲಿ ಅದು ಬೇರೆ ಊರೇ ಆಗಿತ್ತು.

ಟಿಪ್ಪು ಬಿದ್ದದ್ದು 1799ರಲ್ಲಿ. ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು, ಆದರೆ ಅಲ್ಲಿಯ ಜ್ವರಕ್ಕೆ ಸೈನಿಕರು ತಾಳಲಿಲ್ಲ. ಹಾಗಾಗಿ 1807ರ ಸುಮಾರಿಗೆ ಪಡೆಯನ್ನು ಹಲಸೂರಿನ ಬಳಿಯ ಬಯಲಿಗೆ ತಂದರು. ಬಂದದ್ದು ಮದ್ರಾಸ್ ಸೈನ್ಯ. ಸೈನ್ಯವೆಂದ ಮೇಲೆ ಅದರ ಹಿಂದೆ ದಿನಸಿ, ಬಟ್ಟೆ, ಮಾಂಸ, ಹುಲ್ಲು ಮಾರುವವರು, ಗುತ್ತಿಗೆದಾರರು, ಅಡುಗೆಯವರು, ಅಗಸರು ಬರಲೇಬೇಕು. ಅವರಲ್ಲಿ ಹೆಚ್ಚಿನವರು ತಮಿಳು ಸೀಮೆಯವರು. ದಂಡಿನ ಬೀದಿಗಳಲ್ಲಿ ಇವತ್ತೂ ತಮಿಳು, ಉರ್ದು ಹೆಚ್ಚಾಗಿ ಕಿವಿಗೆ ಬೀಳುವುದಕ್ಕೆ ಮೂಲ ಇದು. ಸೈನ್ಯದ ಸಾಲುಗಳ ಪಕ್ಕದಲ್ಲಿ ಇವರೆಲ್ಲರ ಅಂಗಡಿ ಮನೆಗಳ ದೊಡ್ಡ ಸಂತೆ ಬೆಳೆಯಿತು. ಅದಕ್ಕೆ ‘ಜನರಲ್ ಬಜಾರ್’ ಎಂಬ ಹೆಸರು ಬಿತ್ತು. ನಿಮ್ಮ ಪತ್ರದಲ್ಲಿರುವ ‘ವೆಸ್ಟ್ ಜನರಲ್ ಬಜಾರ್’ ಅದರ ಪಡುವಣ ಭಾಗ.

ಆ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ನಿಮ್ಮ ಪಾಲಿಗೆ ಅದು ಒಳ್ಳೆಯ ಹೆಸರು. ಯಾಕೆಂದು ಮುಂದೆ ಹೇಳುತ್ತೇನೆ.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡು ಕಮಿಷನರುಗಳ ಮೂಲಕ ಐವತ್ತು ವರ್ಷ ನಡೆಸಿದರು. ಆ ಕಾಲದಲ್ಲಿಯೇ, 1862ರಲ್ಲಿ, ಪಟ್ಟಣಗಳ ಸುಧಾರಣೆಗೆಂದು ಮಾಡಿದ್ದ 1850ರ ಕಾಯ್ದೆಯ ಅಡಿಯಲ್ಲಿ ಬೆಂಗಳೂರಿಗೆ ಒಂದಲ್ಲ, ಎರಡು ಪುರಸಭೆಗಳು ಬಂದವು. ಒಂದು ಪೇಟೆಗೆ, ಇನ್ನೊಂದು ದಂಡಿಗೆ. ಎರಡೂ ಒಬ್ಬನೇ ಕಮಿಷನರನ ಕೈಕೆಳಗಿದ್ದ ಕಾರಣ ಆಗ ಇದು ಕಚೇರಿಯ ಅನುಕೂಲಕ್ಕೆ ಮಾಡಿದ ವಿಂಗಡಣೆ ಮಾತ್ರ. ಅದು ಗಡಿಯಾಗಿ ಗಟ್ಟಿಯಾದದ್ದು 1881ರಲ್ಲಿ.

1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ದಂಡನ್ನು ಮಾತ್ರ ತಮ್ಮ ಕೈಯಲ್ಲಿಯೇ ಉಳಿಸಿಕೊಂಡರು. ಸುಮಾರು 13 ಚದರ ಮೈಲಿಯ ಆ ಪ್ರದೇಶವೇ ‘ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. ಅದರ ಆಡಳಿತ ಮೈಸೂರು ರಾಜ್ಯಕ್ಕೆ ನೇಮಕವಾಗಿದ್ದ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟ್‌, ಕೈಯಲ್ಲಿ. ಅವರ ಬಂಗಲೆಯೇ ಇವತ್ತಿನ ರಾಜಭವನ.

ನಿಮಗೆ 99 ವರ್ಷದ ಲೀಸಿನ ಕತೆ ಹೇಳಿದವರು ಎಡವಿದ್ದು ಇಲ್ಲಿಯೇ. ಕಾಗದಗಳಲ್ಲಿ ದಂಡಿಗೆ ಇನ್ನೊಂದು ಹೆಸರಿತ್ತು: ‘ಅಸೈನ್ಡ್ ಟ್ರಾಕ್ಟ್’, ಅಂದರೆ ವಹಿಸಿಕೊಟ್ಟ ಪ್ರದೇಶ. ಕೊಟ್ಟುಬಿಟ್ಟದ್ದಲ್ಲ, ಮಾರಿದ್ದೂ ಅಲ್ಲ. ನೆಲದ ಮೇಲಿನ ಅಧಿಪತ್ಯ ಮಹಾರಾಜರದೇ. ಅಲ್ಲಿ ಆಡಳಿತ ನಡೆಸುವ, ನ್ಯಾಯ ತೀರ್ಮಾನಿಸುವ, ತೆರಿಗೆ ಎತ್ತುವ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟಿದ್ದರು. ನಿಮ್ಮ ದಾವಣಗೆರೆ ಕಡೆ ಹೊಲವನ್ನು ಕೋರಿಗೆ ಕೊಡುತ್ತಾರಲ್ಲ, ಉತ್ತು ಬಿತ್ತುವವರು ಬೇರೆ, ಪಹಣಿಯಲ್ಲಿರುವ ಹೆಸರು ಬೇರೆ, ಹಾಗೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ ಎನ್ನಿ. ಕೋರು ಮಾಡಿದವನು ಸುಗ್ಗಿಯಲ್ಲಿ ಪಾಲು ತಂದುಕೊಡುತ್ತಾನೆ. ದಂಡಿನ ಉಳಿಕೆ ವರಮಾನಕ್ಕಾಗಿ ಮೈಸೂರು ಸರ್ಕಾರ ಪತ್ರದ ಮೇಲೆ ಪತ್ರ ಬರೆಯಬೇಕಿತ್ತು.

ಹೀಗಾಗಿ ದಂಡು ಬ್ರಿಟಿಷ್ ಇಂಡಿಯಾದ ಭಾಗವೂ ಆಗಿರಲಿಲ್ಲ. ಬ್ರಿಟಿಷ್ ಇಂಡಿಯಾದ ಕಾಯ್ದೆಗಳು ತಾವಾಗಿ ಅಲ್ಲಿಗೆ ಹರಿಯುತ್ತಿರಲಿಲ್ಲ, ಅಧಿಸೂಚನೆ ಹೊರಡಿಸಿ ಒಂದೊಂದನ್ನೇ ಅನ್ವಯಿಸಬೇಕಿತ್ತು. ಮೈಸೂರಿನ ಕಾಯ್ದೆಗಳೂ ನಡೆಯುತ್ತಿರಲಿಲ್ಲ. ಮೇಲ್ಮನವಿ ಹೋಗುತ್ತಿದ್ದದ್ದು ರೆಸಿಡೆಂಟರ ನ್ಯಾಯಾಲಯಕ್ಕೆ, ಮೈಸೂರಿನ ಮುಖ್ಯ ನ್ಯಾಯಾಲಯಕ್ಕಲ್ಲ. 1881ರಲ್ಲಿಯೇ ಶುರುವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಮೈಸೂರು ಸೀಮೆಯ ರೈತರೂ ವರ್ತಕರೂ ಕೂರುತ್ತಿದ್ದರು, ದಂಡಿನವರಿಗೆ ಅಲ್ಲಿ ಜಾಗವಿರಲಿಲ್ಲ. ಕಬ್ಬನ್ ಪಾರ್ಕಿನ ಈಚೆ ಒಂದು ಸರ್ಕಾರ, ಆಚೆ ಇನ್ನೊಂದು. ಜನರೇನೂ ಕಡಿಮೆಯಿರಲಿಲ್ಲ. 1901ರ ಜನಗಣತಿಯಲ್ಲಿ ಪೇಟೆಯಲ್ಲಿ 69,447 ಜನ, ದಂಡಿನಲ್ಲಿ 89,599. ಹೊಸ ಊರು ಹಳೆಯ ಊರನ್ನು ಆಗಲೇ ಮೀರಿಸಿತ್ತು. ರೈಲು ಕೂಡ ಮೊದಲು ಬಂದದ್ದು ದಂಡಿಗೆ, 1864ರಲ್ಲಿ, ಜೋಲಾರಪೇಟೆಯ ಕಡೆಯಿಂದ. ವಿದ್ಯುತ್ ದೀಪದಲ್ಲಿ ಮಾತ್ರ ಪೇಟೆಯೇ ಮುಂದು, 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಅಲ್ಲಿ ಮೊದಲು ಬೀದಿದೀಪ ಹೊತ್ತಿತು.

ದಂಡಿನ ಪುರಸಭೆ ತನ್ನ ಊರನ್ನು ಆರು ವಿಭಾಗ ಮಾಡಿಕೊಂಡಿತ್ತು: ಹಲಸೂರು, ಸದರ್ನ್ ಡಿವಿಷನ್, ಈಸ್ಟ್ ಜನರಲ್ ಬಜಾರ್, ವೆಸ್ಟ್ ಜನರಲ್ ಬಜಾರ್, ಕ್ಲೀವ್‌ಲ್ಯಾಂಡ್ ಟೌನ್, ಹೈಗ್ರೌಂಡ್ಸ್. ಹಳೆಯ ಪತ್ರ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಈ ಆರರಲ್ಲಿ ಯಾವುದಿದೆ ಎಂದು. ವಿಭಾಗದ ಹೆಸರು ಕಂಡರೆ ಆ ಮನೆ ಪುರಸಭೆಯ ಲೆಕ್ಕದಲ್ಲಿತ್ತು, ಅಂದರೆ ನಾಗರಿಕರ ಬಡಾವಣೆಯಲ್ಲಿತ್ತು ಎನ್ನುವುದಕ್ಕೆ ಒಂದು ಸುಳಿವು ಸಿಕ್ಕಂತೆ.

ನಿಮ್ಮ ಪತ್ರದ ಮೂರನೆಯ ಪುಟಕ್ಕೆ ಬನ್ನಿ. ಚಕ್ಕುಬಂದಿ ಇರುವುದು ಅಲ್ಲಿ. ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ‘ಕನ್ಸರ್ವೆನ್ಸಿ ಲೇನ್’, ಉತ್ತರ ದಕ್ಷಿಣಗಳಲ್ಲಿ ಇಬ್ಬರು ಖಾಸಗಿಯವರ ಮನೆಗಳು. ಕನ್ಸರ್ವೆನ್ಸಿ ಲೇನ್ ಎಂದರೆ ಮನೆಗಳ ಹಿಂದಿನ ಓಣಿ. ಒಳಚರಂಡಿ ಬರುವ ಮುನ್ನ ಕಕ್ಕಸಿನ ಡಬ್ಬಿ ಹೊರಲು ಜಾಡಮಾಲಿಗಳು ಓಡಾಡುತ್ತಿದ್ದ ದಾರಿ. ಯಾವ ಜನರಿಂದ ಆ ಕೆಲಸ ಮಾಡಿಸಿದರು ಎಂಬುದು ಬೇರೆಯೇ ಕತೆ, ಹೇಳಹೊರಟರೆ ಈ ಅಂಕಣ ಸಾಲದು. ನಮಗೆ ಇಲ್ಲಿ ಬೇಕಾದ್ದು ಇಷ್ಟು: ಅಂಥ ಓಣಿಯನ್ನು ಬಿಡಿಸಿ, ಅಳೆದು, ಗುಡಿಸಿದ್ದು ಪುರಸಭೆ. ಆ ಸಾಲಿನ ಕೆಳಗೆ, ಬೇರೆ ಶಾಯಿಯಲ್ಲಿ, ‘ಹಳೆ ನಂ. 17, ಹೊಸ ನಂ. 42’ ಎಂದಿದೆ. ಮನೆ ತೆರಿಗೆಗಾಗಿ ಪುರಸಭೆ ಕಾಲಕಾಲಕ್ಕೆ ಬಾಗಿಲ ಸಂಖ್ಯೆ ಬದಲಿಸುತ್ತಿತ್ತು. ಕ್ರಯಪತ್ರದಲ್ಲಿ ಎಲ್ಲಿಯೂ ಗುತ್ತಿಗೆ, ಅವಧಿ, ವಾರ್ಷಿಕ ನೆಲಬಾಡಿಗೆ, ಮರಳಿ ವಶಪಡಿಸಿಕೊಳ್ಳುವ ಷರತ್ತು ಎಂಬ ಮಾತೇ ಇಲ್ಲ. ಮಾರಿದವರು ‘ಸಂಪೂರ್ಣ ಒಡೆತನ’ವನ್ನು ಮಾರಿದ್ದಾರೆ, ಅದು ತಮಗೆ ಬಂದದ್ದು ಹಿಂದಿನ ಒಂದು ಕ್ರಯದಿಂದ ಎಂದೂ ಹೇಳಿದ್ದಾರೆ. 99 ವರ್ಷ ಎಲ್ಲಿಂದ ಬಂತು? ‘ಬ್ರಿಟಿಷರು’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಜನರ ಬಾಯಿಗೆ ‘99 ವರ್ಷದ ಲೀಸ್’ ತಾನಾಗಿ ಬಂದುಬಿಡುತ್ತದೆ. ಲೀಸ್ ಇದೆ ಎನ್ನುವವರು ಲೀಸಿನ ಪತ್ರ ತೋರಿಸಲಿ.

ಇನ್ನು ‘ಎಲ್ಲ ಮಿಲಿಟರಿಯದು’ ಎಂಬ ಮಾತು. ಇದರಲ್ಲಿ ಕಾಲು ಭಾಗ ನಿಜವಿದೆ, ಆದ್ದರಿಂದಲೇ ಅಪಾಯಕಾರಿ. ಹೆಸರಿನಲ್ಲಿಯೇ ಸಿವಿಲ್ ಬೇರೆ, ಮಿಲಿಟರಿ ಬೇರೆ ಇತ್ತು. ಪೆರೇಡ್ ಮೈದಾನ, ಬ್ಯಾರಕ್ಕುಗಳು, ತಾಲೀಮಿನ ಬಯಲು, ಅಧಿಕಾರಿಗಳ ಬಂಗಲೆಗಳಿದ್ದ ದೊಡ್ಡ ಕಾಂಪೌಂಡುಗಳು ಸೇನೆಯ ಲೆಕ್ಕದಲ್ಲಿದ್ದವು. ಸ್ವಾತಂತ್ರ್ಯದ ನಂತರ ಅಂಥ ಜಾಗಗಳು ಕೇಂದ್ರದ ರಕ್ಷಣಾ ಇಲಾಖೆಗೆ ಉಳಿದವು. ಕೆಲವು ಬಂಗಲೆಗಳಲ್ಲಿ ಕಟ್ಟಡ ಖಾಸಗಿಯವರದು, ನೆಲ ಸೇನೆಯದು ಎಂಬ ತಕರಾರು ತಲೆಮಾರುಗಳಿಂದ ಎಳೆಯುತ್ತಿದೆ. ಹತ್ತು ಹದಿನೈದು ವರ್ಷದ ಹಿಂದೆ ಅಂಥದೊಂದು ಬಂಗಲೆಯ ಕಾಗದ ನನ್ನ ಮೇಜಿಗೆ ಬಂದಿತ್ತು. ಕ್ರಯಪತ್ರಗಳು ಮೂರು ತಲೆಮಾರಿನವು, ಒಂದಕ್ಕಿಂತ ಒಂದು ಚೆಂದ. ಆದರೆ ಎಲ್ಲದರಲ್ಲೂ ‘ಬಂಗಲೆ ಮತ್ತು ಔಟ್‌ಹೌಸ್‌ಗಳು’ ಎಂದಿತ್ತೇ ಹೊರತು ‘ನೆಲ’ ಎಂಬ ಮಾತನ್ನು ಯಾರೂ ಬರೆದಿರಲಿಲ್ಲ. ಮನೆಯವರು ಅದನ್ನು ಗಮನಿಸಿರಲೇ ಇಲ್ಲ. ನಿಮ್ಮ ಪತ್ರದಲ್ಲಿ ‘ನಿವೇಶನ ಮತ್ತು ಅದರ ಮೇಲಿನ ಮನೆ’ ಎಂದು ಸ್ಪಷ್ಟವಾಗಿದೆ. ಅಳತೆ ಅಡಿಗಳಲ್ಲಿದೆ. ಅಕ್ಕಪಕ್ಕದವರೂ ಖಾಸಗಿಯವರು. ಬಜಾರಿನ ಓಣಿಯ ಇಷ್ಟಗಲದ ಮನೆಗೂ ಸೇನೆಯ ಬಂಗಲೆಗೂ ಅಜಗಜಾಂತರ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಬಿಡುತ್ತೇನೆ. ‘ಕಂಟೋನ್ಮೆಂಟ್ ಬೋರ್ಡನ್ನು ಕೇಳಿ’ ಎಂದು ನಿಮಗೆ ಯಾರಾದರೂ ಹೇಳಬಹುದು. ಕಂಟೋನ್ಮೆಂಟ್ ಬೋರ್ಡ್ ಎಂದರೆ ಸೇನಾ ನೆಲೆಯ ಊರಾಡಳಿತ ನೋಡುವ ಮಂಡಳಿ, ಬೆಂಗಳೂರಿನಲ್ಲಿ ಅದು ಇಲ್ಲ. ಕರ್ನಾಟಕದಲ್ಲಿ ಇರುವುದು ಒಂದೇ, ಬೆಳಗಾವಿಯದು. ಬೆಂಗಳೂರಿನ ದಂಡು ಉಳಿದಿರುವುದು ರೈಲು ನಿಲ್ದಾಣದ ಹೆಸರಿನಲ್ಲಿ, ಜನರ ಬಾಯಲ್ಲಿ.

ಮೂರನೆಯ ಮಾತು, 1947ರದು. ನಿಮ್ಮ ತಮ್ಮನಿಗೆ ಹೇಳಿದವರು ಯಾವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ. ಆಗಸ್ಟ್ 15 ಎಂದಿದ್ದರೆ ಅದೂ ತಪ್ಪು. ದಂಡನ್ನು ಮರಳಿ ಕೊಡಿ ಎಂದು ಮೈಸೂರು ಬಹುಕಾಲದಿಂದ ಕೇಳುತ್ತಿತ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಆ ಬೇಡಿಕೆ ಬಲವಾಯಿತು. ದಂಡಿನ ವರ್ತಕರಲ್ಲಿ, ಆಂಗ್ಲೋ-ಇಂಡಿಯನ್ನರಲ್ಲಿ ಹಲವರಿಗೆ ಇದು ಇಷ್ಟವಿರಲಿಲ್ಲ. ಕಾನೂನು ಬದಲಾಗುತ್ತದೆ, ತೆರಿಗೆ ಬದಲಾಗುತ್ತದೆ, ಕಚೇರಿಯ ಭಾಷೆ ಬದಲಾಗುತ್ತದೆ ಎಂಬ ಅಳುಕು. ಕೊನೆಗೆ ಬ್ರಿಟಿಷರು ಹೊರಡಲು ಗಂಟುಮೂಟೆ ಕಟ್ಟುತ್ತಿದ್ದಾಗ, 1947ರ ಜುಲೈ 26ರಂದು, ದಂಡು ಮೈಸೂರಿಗೆ ಮರಳಿತು. ಅಂದರೆ ನಿಮ್ಮ ಅಜ್ಜನ ಬೀದಿಯವರು ಜುಲೈ 26ಕ್ಕೆ ರೆಸಿಡೆಂಟರಿಂದ ಬಿಡಿಸಿಕೊಂಡು ಮಹಾರಾಜರ ಸರ್ಕಾರದ ಕೆಳಗೆ ಬಂದರು. ಇಪ್ಪತ್ತು ದಿನ ಕಳೆದು ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಚಲೋ ಚಳವಳಿ ನಡೆದು ಅಕ್ಟೋಬರ್ ಕೊನೆಯ ಹೊತ್ತಿಗೆ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಾಗ ಮೂರನೆಯ ಸಲ ದೊರೆ ಬದಲಾಯಿತು. ಒಂದೇ ಮನೆಯ ಒಂದೇ ಜಗಲಿಯ ಮೇಲೆ ಕುಳಿತು, ಮೂರು ತಿಂಗಳಲ್ಲಿ ಮೂರು ಬಗೆಯ ಆಡಳಿತ ನೋಡಿದ ಜನ ಅವರು.

ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದದ್ದು ಖಾಸಗಿಯವರ ಆಸ್ತಿಯ ಹಕ್ಕು. ಮರಳಿ ಬಂದದ್ದು ಆಡಳಿತದ ಅಧಿಕಾರ, ಜನರ ಮನೆಗಳಲ್ಲ. ರಾತ್ರೋರಾತ್ರಿ ಒಂದು ಕಾನೂನಿನಿಂದ ಇನ್ನೊಂದಕ್ಕೆ ಜಿಗಿದರೆ ಗೊಂದಲವಾದೀತೆಂದು ಮೈಸೂರು ಸರ್ಕಾರ 1947, 1948ರಲ್ಲಿ ಇದಕ್ಕೆಂದೇ ಕಾಯ್ದೆಗಳನ್ನು ಮಾಡಿ, ಹಳೆಯ ವ್ಯವಸ್ಥೆಯನ್ನು ಹಂತಹಂತವಾಗಿ ತನ್ನ ವ್ಯವಸ್ಥೆಯೊಳಕ್ಕೆ ತಂದುಕೊಂಡಿತು. ಪುರಸಭೆಯೂ ಕೂಡಲೇ ಮಾಯವಾಗಲಿಲ್ಲ. 1949ರ ಕಾಯ್ದೆಯಿಂದ ಪೇಟೆ ಮತ್ತು ದಂಡಿನ ಎರಡು ಪುರಸಭೆಗಳೂ ಸೇರಿ ಬೆಂಗಳೂರು ನಗರ ಕಾರ್ಪೊರೇಷನ್ ಆದವು. 87 ವರ್ಷ ಬಾಳಿದ ದಂಡಿನ ಪುರಸಭೆಯ ಕತೆ ಅಲ್ಲಿಗೆ ಮುಗಿಯಿತು. ಅದರ ಕಚೇರಿಯಿದ್ದ ಮೇಯೋ ಹಾಲ್ ಎಂ.ಜಿ. ರಸ್ತೆಯ ಕೊನೆಯಲ್ಲಿ ಇನ್ನೂ ನಿಂತಿದೆ. ಈಗ ಆ ಆವರಣದಲ್ಲಿ ನ್ಯಾಯಾಲಯಗಳು ನಡೆಯುತ್ತವೆ. ನಿಮ್ಮ ಮನೆಯ ಬಗ್ಗೆ ದಾವೆ ಹೂಡಬೇಕಾಗಿ ಬಂದರೆ ನಿಮ್ಮ ಅಜ್ಜ ತೆರಿಗೆ ಕಟ್ಟಲು ಹತ್ತಿದ್ದ ಮೆಟ್ಟಿಲನ್ನೇ ನೀವೂ ಹತ್ತಬೇಕಾದೀತು.

ಕಚೇರಿ ಹೋದರೂ ಅದರ ಲೆಕ್ಕ ಮುಂದಿನವರಿಗೆ ಹೋಗುತ್ತದೆ. ಸರಪಳಿಯಲ್ಲಿ ಕೊಂಡಿ ತಪ್ಪಿಲ್ಲ. ಪುರಸಭೆಯಿಂದ ನಗರ ಕಾರ್ಪೊರೇಷನ್, 1976ರ ಪೌರ ನಿಗಮಗಳ ಕಾಯ್ದೆಯ ಅಡಿಯಲ್ಲಿ ಮಹಾನಗರ ಪಾಲಿಕೆ, 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ ನುಂಗಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ. ಅದೂ 2025ರ ಸೆಪ್ಟೆಂಬರಿನಲ್ಲಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. 1949ರಲ್ಲಿ ಎರಡನ್ನು ಒಂದು ಮಾಡಿದೆವು, 2025ರಲ್ಲಿ ಒಂದನ್ನು ಐದು ಮಾಡಿದೆವು. ಇದರಿಂದ ಒಂದು ಚೋದ್ಯವೂ ಆಗಿದೆ. ಶಿವಾಜಿನಗರ ಈಗ ಕೇಂದ್ರ ನಗರ ಪಾಲಿಕೆಯಲ್ಲಿದೆ, ಹಳೆಯ ಪೇಟೆಯ ಜೊತೆಗೇ. ದಂಡಿನ ಇನ್ನೊಂದು ತುಂಡಾದ ಫ್ರೇಜರ್ ಟೌನ್, ಅಂದರೆ ಪುಲಿಕೇಶಿನಗರ, ಉತ್ತರ ಪಾಲಿಕೆಗೆ ಹೋಗಿದೆ. ರೆಸಿಡೆಂಟರು ಎಳೆದಿದ್ದ ಗೆರೆ ಯಾವ ನಕ್ಷೆಯಲ್ಲೂ ಉಳಿದಿಲ್ಲ.

ಈಗ ನೀವು ಮಾಡಬಹುದಾದ್ದು.

ದಾಖಲೆಗಳನ್ನು ಮೊದಲು ಕೇಳಬೇಕಾದ್ದು ಪಾಲಿಕೆಯಲ್ಲಲ್ಲ, ಉಪನೋಂದಣಾಧಿಕಾರಿ ಕಚೇರಿಯಲ್ಲಿ. ನಿಮ್ಮ 1934ರ ಪತ್ರದ ಹಿಂಬದಿಯಲ್ಲಿ ನೋಂದಣಿ ಸಂಖ್ಯೆ, ಪುಸ್ತಕ, ಪುಟ ಇರಬೇಕು. ಅದರ ಆಧಾರದ ಮೇಲೆ ದೃಢೀಕೃತ ಪ್ರತಿ ಕೇಳಿ. ಮನೆಯ ಮೇಲಿನ ಕ್ರಯ, ಸಾಲಗಳ ಪಟ್ಟಿಯಾದ ಋಣಭಾರ ಪತ್ರವನ್ನು ಕಂಪ್ಯೂಟರಿನಲ್ಲಿ ತೆಗೆದು ಕೊಟ್ಟರೆ ಅದು ಈಚಿನ ವರ್ಷಗಳದ್ದು ಮಾತ್ರ, ಹಿಂದಿನದಕ್ಕೆ ಪುಸ್ತಕ ತೆಗೆಸಿ ಹುಡುಕಿಸಬೇಕು. ಹುಡುಕುವವರಿಗೆ ‘ಶಿವಾಜಿನಗರ’ ಎಂದು ಹೇಳಿದರೆ ಹಳೆಯ ಸೂಚಿಯಲ್ಲಿ ಏನೂ ಸಿಗುವುದಿಲ್ಲ, ಯಾಕೆಂದರೆ ಆಗ ಆ ಹೆಸರೇ ಇರಲಿಲ್ಲ. ಬ್ಲ್ಯಾಕ್‌ಪಲ್ಲಿ, ಜನರಲ್ ಬಜಾರ್ ಎಂದು ಹುಡುಕಿಸಿ. ಬೀದಿಯ ಹಳೆಯ ಹೆಸರನ್ನೂ ಕೊಡಿ. ಸೌತ್ ಪೆರೇಡ್ ಎಂ.ಜಿ. ರಸ್ತೆಯಾದಂತೆ, ಶೂಲೆ ಅಶೋಕನಗರವಾದಂತೆ ಎಷ್ಟೋ ಹೆಸರು ಬದಲಾಗಿವೆ. ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹಗಳಲ್ಲಿ ಅರ್ಧಕ್ಕೆ ಕಾರಣ ದಾಖಲೆ ಇಲ್ಲದಿರುವುದಲ್ಲ, ಹೆಸರು ತಪ್ಪಾಗಿ ಕೇಳಿರುವುದು. ಒಂದು ಕಚೇರಿಯಲ್ಲಿ ನನಗೆ ಎರಡು ಸಲ ಹಾಗೆ ಬರೆದುಕೊಟ್ಟರು. ಮೂರನೆಯ ಸಲ ಹಳೆಯ ವಿಭಾಗದ ಹೆಸರು ಹಾಕಿದ ಅರ್ಜಿಗೆ ಅರ್ಧ ಗಂಟೆಯಲ್ಲಿ ಪ್ರತಿ ಸಿಕ್ಕಿತು.

ನಂತರ ಸಿಟಿ ಸರ್ವೆ ದಾಖಲೆ, ಅಂದರೆ ನಗರದ ನಿವೇಶನಗಳನ್ನು ಅಳೆದು ಬರೆದಿಟ್ಟ ಲೆಕ್ಕ. ಅಲ್ಲಿ ನಿವೇಶನ ಯಾರ ಹೆಸರಲ್ಲಿದೆ, ಖಾಸಗಿ ಎಂದಿದೆಯೋ ಸರ್ಕಾರಿ ಎಂದಿದೆಯೋ ನೋಡಿ. ಮಿಲಿಟರಿಯ ಅನುಮಾನ ಕೊಳ್ಳುವವರಿಗೆ ಹೋಗದಿದ್ದರೆ ಬೆಂಗಳೂರಿನ ರಕ್ಷಣಾ ಎಸ್ಟೇಟ್ ಅಧಿಕಾರಿಯ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಈ ನಿವೇಶನ ತಮ್ಮ ಭೂ ದಾಖಲೆಯಲ್ಲಿ ಇದೆಯೇ ಎಂದು ಕೇಳಬಹುದು. ಇದರಲ್ಲಿ ಒಂದು ತೊಡಕಿದೆ. ಚಕ್ಕುಬಂದಿ ಸರಿಯಾಗಿ ಕೊಡದೆ ಬರೇ ಬೀದಿಯ ಹೆಸರು ಕೊಟ್ಟು ಕೇಳಿದರೆ ಅಸ್ಪಷ್ಟ ಉತ್ತರ ಬರುತ್ತದೆ. ಅಂಥ ಉತ್ತರ ಉತ್ತರವಿಲ್ಲದ್ದಕ್ಕಿಂತ ಕೆಟ್ಟದ್ದು, ಕಡತದಲ್ಲಿ ಕುಳಿತು ಮುಂದಿನವರನ್ನೂ ಹೆದರಿಸುತ್ತದೆ. ವಕೀಲರಿಂದಲೇ ಬರೆಸಿ.

ಇತಿಹಾಸದ ಆಸಕ್ತಿಗೆಂದು ಹುಡುಕುವುದಾದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರವಿದೆ. ಮೈಸೂರು ರೆಸಿಡೆನ್ಸಿಯ ಕಡತಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಮನೆ ಮಾರಲು ಅಲ್ಲಿಯವರೆಗೆ ಹೋಗಬೇಕಿಲ್ಲ.

ಹಳೆಯ ಪತ್ರದ ಬಲದ ಬಗ್ಗೆ ಒಂದು ಮಾತು. ಮೂವತ್ತು ವರ್ಷ ದಾಟಿದ ದಾಖಲೆ ಇರಬೇಕಾದವರ ಕೈಯಿಂದಲೇ ಬಂದಿದ್ದರೆ, ಅದರ ಸಹಿ, ಬರಹ ನಿಜವೆಂದು ನ್ಯಾಯಾಲಯ ಭಾವಿಸಬಹುದು ಎಂಬ ನಿಯಮ ಸಾಕ್ಷ್ಯ ಕಾನೂನಿನಲ್ಲಿದೆ. ನಿಮ್ಮದು ತೊಂಬತ್ತು ವರ್ಷ ದಾಟಿದ್ದು, ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಇದ್ದದ್ದು. ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಲ್ಯಾಮಿನೇಟ್ ಮಾಡಿಸಲೂಬೇಡಿ, ಎಷ್ಟೋ ಜನ ಪ್ರೀತಿಯಿಂದ ಹಾಗೆ ಮಾಡಿಸಿ ಶಾಯಿಯನ್ನು ಹಾಳುಮಾಡಿಕೊಂಡಿದ್ದಾರೆ. ಹಾಗೆಯೇ, ಖಾತೆ ಇದೆ ಎಂದು ಮೈಮರೆಯಬೇಡಿ. ಖಾತೆ ತೆರಿಗೆ ಯಾರು ಕಟ್ಟಬೇಕೆಂಬುದರ ಲೆಕ್ಕ, ಒಡೆತನದ ಪತ್ರ ಅಲ್ಲ.

ಖಾತೆಯ ಮಾತು ಬಂದದ್ದರಿಂದ ನಾನು ನಿಜವಾಗಿ ಹೇಳಬೇಕಾದ ಸಂಗತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಬ್ರಿಟಿಷರು, ಮಿಲಿಟರಿ, ಸರ್ಕಾರ ಎಲ್ಲದರ ಬಗ್ಗೆಯೂ ಭಯವಿದೆ. ನನಗೆ ಭಯ ಹುಟ್ಟಿಸಿದ ಸಾಲನ್ನು ನೀವು ಹಾಗೇ ದಾಟಿಹೋಗಿದ್ದೀರಿ: ‘ಆ ಹೊತ್ತಿಗೆ ಇಬ್ಬರು ಸೋದರತ್ತೆಯರಿಗೂ ಮದುವೆಯಾಗಿತ್ತು’.

ಮನೆ ನಿಮ್ಮ ಅಜ್ಜ ತಮ್ಮ ಸಂಬಳದಿಂದ ಕೊಂಡದ್ದು, ಅಂದರೆ ಸ್ವಯಾರ್ಜಿತ. ಅವರು ತೀರಿಕೊಂಡದ್ದು 1961ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಉಯಿಲು ಬರೆಯದೆ ತೀರಿಕೊಂಡವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಆ ಕಾಯ್ದೆಯ ಪ್ರಕಾರ ಸಮಪಾಲು. ಮಗಳಿಗೆ ಮದುವೆಯಾಗಿತ್ತೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. 2005ರ ತಿದ್ದುಪಡಿಯ ನಂತರವೇ ಹೆಣ್ಣುಮಕ್ಕಳಿಗೆ ಹಕ್ಕು ಬಂತೆಂದು ಅನೇಕರು ತಿಳಿದಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ಅಜ್ಜ ಉಯಿಲು ಬರೆದಿಲ್ಲವಾದರೆ, ಖಾತೆ ನಿಮ್ಮ ತಂದೆಯ ಒಬ್ಬರ ಹೆಸರಿಗೆ ಆದ ದಿನವೂ ಈ ಮನೆಯಲ್ಲಿ ನಿಮ್ಮ ಅಜ್ಜಿಗೆ, ಇಬ್ಬರು ಅತ್ತೆಯರಿಗೆ ಪಾಲಿತ್ತು. ಕೊಳ್ಳುವವರ ಕಡೆಯವರು 1881ರಲ್ಲಿ ತಡಕಾಡುತ್ತಿದ್ದಾರೆ, ತೂತು ಇರುವುದು 1961ರಲ್ಲಿ.

ದಾರಿಗಳಿವೆ. ಅತ್ತೆಯರು, ಅವರು ಇಲ್ಲವಾದರೆ ಅವರ ವಾರಸುದಾರರು ಒಪ್ಪಿದರೆ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಮಾಡಿಸಿಕೊಳ್ಳಬಹುದು. ಇಲ್ಲವೇ ಕ್ರಯಪತ್ರಕ್ಕೆ ಅವರನ್ನೂ ಸೇರಿಸಿ ಸಹಿ ಮಾಡಿಸಿ, ಪಾಲಿನ ಹಣ ನೇರವಾಗಿ ಅವರ ಖಾತೆಗೆ ಹೋಗುವಂತೆ ಮಾಡಬಹುದು. ನನ್ನ ಅನುಭವದಲ್ಲಿ ಈ ಎರಡನೆಯದರಲ್ಲಿ ಮನಸ್ತಾಪ ಕಡಿಮೆ. ಬಿಳಿ ಹಾಳೆಯ ಮೇಲೆ ‘ನಮ್ಮದೇನೂ ತಕರಾರಿಲ್ಲ’ ಎಂದು ಬರೆಸಿಕೊಂಡು ಬಂದರೆ ಅದು ನಿಲ್ಲುವುದಿಲ್ಲ. ಯಾರಾದರೂ ಒಪ್ಪದಿದ್ದರೆ ಪಾಲಿನ ದಾವೆ, ಅದಕ್ಕೆ ವರ್ಷಗಳು ಬೇಕು. ‘ಅರವತ್ತು ವರ್ಷ ನಾವೇ ಅನುಭವಿಸಿದ್ದೇವೆ, ಅವರ ಹಕ್ಕು ಹೋಯಿತು’ ಎಂದು ಯಾರಾದರೂ ಧೈರ್ಯ ಹೇಳಿದರೆ ನೆಚ್ಚಬೇಡಿ. ಒಡಹುಟ್ಟಿದವರಲ್ಲಿ ಒಬ್ಬರ ಸ್ವಾಧೀನವನ್ನು ನ್ಯಾಯಾಲಯಗಳು ಎಲ್ಲರ ಪರವಾದ ಸ್ವಾಧೀನವೆಂದೇ ಸಾಮಾನ್ಯವಾಗಿ ನೋಡುತ್ತವೆ. ಅವರನ್ನು ಹೊರಗಿಟ್ಟದ್ದನ್ನು ಅವರಿಗೆ ತಿಳಿಯುವಂತೆ ಬಹಿರಂಗವಾಗಿ ಮಾಡಿದ್ದೀರೆಂದು ತೋರಿಸಬೇಕಾಗುತ್ತದೆ. ಹಬ್ಬಕ್ಕೆ ಕರೆದು ಬಾಗಿನ ಕೊಟ್ಟು ಕಳಿಸಿದ ಮನೆಯವರು ಅದನ್ನು ಹೇಗೆ ತೋರಿಸುತ್ತಾರೆ?

ನಿಮ್ಮ ದೊಡ್ಡತ್ತೆ ತುಮಕೂರಿನಲ್ಲಿ ಇದ್ದಾರೆಂದು ಬರೆದಿದ್ದೀರಿ. ಮೊದಲ ಸಲ ಹೋಗುವಾಗ ಹಕ್ಕುಬಿಡುಗಡೆಯ ಕರಡನ್ನು ಕೈಯಲ್ಲಿ ಹಿಡಿದು ಹೋಗಬೇಡಿ. ಅಜ್ಜನ ಕ್ರಯಪತ್ರದ ಒಂದು ಪ್ರತಿಯನ್ನು ಮಾತ್ರ ಒಯ್ಯಿರಿ, ಆ ಬೀದಿಯ ಹಳೆಯ ಹೆಸರೇನಿತ್ತು ಎಂದು ಕೇಳಿ. ಅವರಿಗೆ ನೆನಪಿರುತ್ತದೆ, ನೋಂದಣಿ ಕಚೇರಿಯ ಅರ್ಜಿಗೆ ನಿಮಗೂ ಅದು ಬೇಕಾಗಿದೆ.